ಡಯಾಲಿಸಿಸ್ ರೋಗಿಗಳ ರಕ್ತನಾಳದ ಪೆಡಸುತನ: ಅಂದಾಜು ಮಾಡುವುದು ಹೇಗೆ, ಅದರಿಂದ ಉಪಯೋಗವೇನು?



ನಮ್ಮ ಟ್ರಸ್ಟಿನ ವೈದ್ಯಕೀಯ ನೆರವಿನ ಲೆಕ್ಕಪತ್ರ ಈ ವರದಿಯ ಬೇರೆ ಪುಟಗಳಲ್ಲಿದೆ. ಅದರಲ್ಲಿ ಡಯಾಲಿಸಿಸ್ ಎಂಬ ಪದ ಮತ್ತೆ ಮತ್ತೆ ಬರುವುದನ್ನು ತಾವು ಗಮನಿಸಿರಬಹುದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಮನೆಗಳಿಂದ ಬರುವ ಅರ್ಜಿಗಳಲ್ಲಿ ಎಷ್ಟೋ ಸಲ ಒಂದೇ ಮನೆಯ ಎರಡು ಅರ್ಜಿಗಳಿರುತ್ತವೆ. ಒಂದು ತಂದೆಯ ಅಥವಾ ತಾಯಿಯ ಡಯಾಲಿಸಿಸ್‌ಗೆ, ಇನ್ನೊಂದು ಮಗನ ಅಥವಾ ಮಗಳ ಓದಿಗೆ. ದುಡಿಯುವವರು ಹಾಸಿಗೆ ಹಿಡಿದರೆ ಮೊದಲು ನಿಲ್ಲುವುದು ಮಕ್ಕಳ ಓದು ಎಂಬುದನ್ನು ನಾವು ಬಲ್ಲೆವು. ಆದ್ದರಿಂದ ಈ ಎರಡು ಅರ್ಜಿಗಳನ್ನು ನಾವು ಬೇರೆ ಬೇರೆ ಎಂದು ನೋಡುವುದಿಲ್ಲ.

ದಾನಿಗಳಲ್ಲಿ ಕೆಲವರು ಕೇಳಿದ ಪ್ರಶ್ನೆಯೊಂದು ಹೀಗಿದೆ: "ಡಯಾಲಿಸಿಸ್ ರೋಗಿಗಳ ರಕ್ತನಾಳ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಯಂತ್ರ ಬಂದಿದೆಯಂತೆ. ಅದನ್ನು ಟ್ರಸ್ಟಿನಿಂದ ಕೊಡಿಸಿದರೆ ಒಳ್ಳೆಯದಲ್ಲವೇ?" ಇದು ಒಳ್ಳೆಯ ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಕೇಳಿದವರಿಗೆ ನ್ಯಾಯ ಸಲ್ಲುವುದಿಲ್ಲ. ರಕ್ತನಾಳ ಪೆಡಸಾಗುವುದು ಎಂದರೇನು, ಅದನ್ನು ಹೇಗೆ ಅಳೆಯುತ್ತಾರೆ, ಯಂತ್ರವಿಲ್ಲದೆ ಎಷ್ಟರ ಮಟ್ಟಿಗೆ ಅಂದಾಜು ಮಾಡಬಹುದು ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಉತ್ತರಕ್ಕೆ ಬರೋಣ.

ಅಣೆಕಟ್ಟಿನಿಂದ ಕಲಿಯುವ ಪಾಠ

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕಿಡ್ನಿಯ ತೊಂದರೆಯಿಂದಲೇ ತೀರಿಕೊಳ್ಳುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವ ಬೇರೆ. ಕಿಡ್ನಿ ಮಾಡಬೇಕಾದ ಕೆಲಸದ ಒಂದು ಭಾಗವನ್ನು ಡಯಾಲಿಸಿಸ್ ಯಂತ್ರ ಮಾಡಿಕೊಡುತ್ತದೆ. ಆದರೆ ಲೋಕದ ಎಲ್ಲೆಡೆ ಈ ರೋಗಿಗಳ ಜೀವಕ್ಕೆ ಎರವಾಗುವುದರಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆಯೇ ಮುಂದಿದೆ. ಆ ತೊಂದರೆಯ ಒಂದು ಮುಖ್ಯ ಬೇರು ಅಪಧಮನಿಗಳ ಪೆಡಸುತನ. ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ನಾಳಗಳಿಗೆ ಅಪಧಮನಿ ಎಂದು ಹೆಸರು. ಅವುಗಳಲ್ಲಿ ದೊಡ್ಡದು ಹೃದಯದಿಂದ ನೇರವಾಗಿ ಹೊರಡುವ ಮಹಾಪಧಮನಿ.

ಇದರ ಕೆಲಸ ತಿಳಿಯಲು ನಮ್ಮ ತುಂಗಭದ್ರಾ ಅಣೆಕಟ್ಟನ್ನು ನೆನೆಸಿಕೊಂಡರೆ ಸಾಕು. ಹೊಳೆಗೆ ನೀರು ಬರುವುದು ಮಳೆಗಾಲದ ಕೆಲವೇ ತಿಂಗಳು. ಗದ್ದೆಗೆ ನೀರು ಬೇಕಾಗಿರುವುದು ಅದಕ್ಕಿಂತ ಹೆಚ್ಚು ಕಾಲ. ಬಂದಾಗ ಹಿಡಿದಿಟ್ಟು, ಬಾರದಿರುವಾಗ ಕಾಲುವೆಗೆ ಬಿಡುವುದು ಅಣೆಕಟ್ಟಿನ ಕೆಲಸ. ಮಹಾಪಧಮನಿಯೂ ಇದನ್ನೇ ಮಾಡುತ್ತದೆ. ಹೃದಯ ಒಂದು ಸಲ ಹಿಂಡಿದಾಗ ಸುಮಾರು 70 ಮಿಲಿ ಲೀಟರ್ ರಕ್ತ ಹೊರಬರುತ್ತದೆ. ಮಹಾಪಧಮನಿಯ ಗೋಡೆ ಮೆತ್ತಗಿದ್ದರೆ ಅದು ಉಬ್ಬಿ, ಆ ರಕ್ತದ ಹೆಚ್ಚುಕಡಿಮೆ ಅರ್ಧದಷ್ಟನ್ನು ಕ್ಷಣಕಾಲ ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಹೃದಯ ವಿಶ್ರಾಂತಿ ಪಡೆಯುವಾಗ ಗೋಡೆ ಮತ್ತೆ ಕುಗ್ಗಿ, ಹಿಡಿದಿಟ್ಟ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಹೃದಯ ಬಿಟ್ಟು ಬಿಟ್ಟು ಹಿಂಡಿದರೂ ಅಂಗಾಂಗಗಳಿಗೆ ರಕ್ತ ಒಂದೇ ಸಮನೆ ಹರಿಯುವುದು ಹೀಗೆ.

1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಅದು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಆ ಸಾಮರ್ಥ್ಯ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಪರಿಣಾಮವೇನು? ಮಳೆಗಾಲದಲ್ಲಿ ಜಲಾಶಯ ಬೇಗ ತುಂಬಿ ಹೆಚ್ಚಿನ ನೀರು ಹೊಳೆಗೆ ಹೋಗುತ್ತದೆ, ಬೇಸಿಗೆಯಲ್ಲಿ ಕಾಲುವೆಗೆ ನೀರು ಸಾಲುವುದಿಲ್ಲ. ಪೆಡಸಾದ ಅಪಧಮನಿಯಲ್ಲಿಯೂ ಇದೇ ಆಗುತ್ತದೆ. ಅಲ್ಲಿ ಹೂಳು ತುಂಬುವುದಿಲ್ಲ, ಗೋಡೆಯೇ ಗಟ್ಟಿಯಾಗಿ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಆದರೆ ಫಲ ಒಂದೇ: ಹಿಡಿದಿಡುವ ಶಕ್ತಿ ಕಡಿಮೆಯಾಗುತ್ತದೆ. ಹೃದಯ ಹಿಂಡಿದಾಗ ಒತ್ತಡ ಪ್ರವಾಹದಂತೆ ಮೇಲೇರುತ್ತದೆ, ವಿಶ್ರಾಂತಿಯಲ್ಲಿ ಬೇಸಿಗೆಯ ಕಾಲುವೆಯಂತೆ ಇಳಿದುಹೋಗುತ್ತದೆ.

ಇದರಿಂದ ಹೃದಯಕ್ಕೆ ಎರಡು ಕಡೆಯಿಂದ ಪೆಟ್ಟು. ಮೇಲಿನ ಒತ್ತಡ ಏರಿದ್ದರಿಂದ ಅದು ಹೆಚ್ಚು ಬಲ ಹಾಕಿ ಹಿಂಡಬೇಕು, ವರ್ಷಗಳು ಕಳೆದಂತೆ ಅದರ ಗೋಡೆ ದಪ್ಪವಾಗುತ್ತದೆ. ದಪ್ಪವಾದ ಹೃದಯಕ್ಕೆ ಹೆಚ್ಚು ರಕ್ತ ಬೇಕು. ಆದರೆ ಹೃದಯದ ಸ್ನಾಯುವಿಗೆ ಹೆಚ್ಚಿನ ಪಾಲು ರಕ್ತ ಸಿಗುವುದು ಅದು ವಿಶ್ರಾಂತಿಯಲ್ಲಿರುವಾಗ, ಆ ಹೊತ್ತಿನ ಒತ್ತಡವೇ ಇಳಿದುಹೋಗಿರುತ್ತದೆ. ಕೆಲಸ ಹೆಚ್ಚಿಸಿ ಕೂಲಿ ಕಡಿಮೆ ಮಾಡಿದಂತೆ.

ಡಯಾಲಿಸಿಸ್ ರೋಗಿಗಳಲ್ಲಿ ಏಕೆ ಇಷ್ಟು ಬೇಗ?

ವಯಸ್ಸಾದಂತೆ ಎಲ್ಲರ ಅಪಧಮನಿಗಳೂ ಸ್ವಲ್ಪ ಸ್ವಲ್ಪ ಪೆಡಸಾಗುತ್ತವೆ. ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ-ಸಿಗರೇಟು ಇದನ್ನು ಬೇಗ ಮಾಡುತ್ತವೆ. ಕಿಡ್ನಿ ಕೆಟ್ಟವರಲ್ಲಿ ಇನ್ನೂ ಒಂದು ಕಾರಣ ಸೇರುತ್ತದೆ. ಊಟದಿಂದ ಬರುವ ರಂಜಕ, ಅಂದರೆ ಫಾಸ್ಫರಸ್, ಮೂತ್ರದಲ್ಲಿ ಹೊರಹೋಗದೆ ರಕ್ತದಲ್ಲೇ ಉಳಿಯುತ್ತದೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ರಕ್ತನಾಳದ ಗೋಡೆಯಲ್ಲಿ ಸುಣ್ಣದಂತೆ ಕೂರುತ್ತದೆ. ಇದು ಬರಿಯ ಕೊಳವೆಗೆ ಸುಣ್ಣ ಕಟ್ಟಿದ ಹಾಗಲ್ಲ. ಗೋಡೆಯ ಸ್ನಾಯುಕೋಶಗಳೇ ಸ್ವಭಾವ ಬದಲಿಸಿ ಮೂಳೆಯ ಕೋಶಗಳಂತೆ ವರ್ತಿಸತೊಡಗುತ್ತವೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಇದು ಮುದುಕರ ಕಾಯಿಲೆಯಷ್ಟೇ ಎಂದು ತಿಳಿಯಬಾರದು. ಅಮೆರಿಕದಲ್ಲಿ 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20ರಿಂದ 30 ವರ್ಷದೊಳಗಿನ 16 ಮಂದಿ ಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿದಾಗ, 14 ಮಂದಿಯ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕೂತಿತ್ತು. ನಮ್ಮ ವಿದ್ಯಾರ್ಥಿವೇತನ ಪಡೆಯುವ ಕಾಲೇಜು ಮಕ್ಕಳದ್ದೂ ಹೆಚ್ಚುಕಡಿಮೆ ಅದೇ ವಯಸ್ಸು.

ಇದರ ಜೊತೆಗೆ ನೀರಿನ ಲೆಕ್ಕವೊಂದಿದೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್ ಮಾಡಿಸಿದರೂ ಒಟ್ಟು 12 ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಉಳಿದ 156 ಗಂಟೆ ನೀರು ಮತ್ತು ಉಪ್ಪು ದೇಹದಲ್ಲೇ ಸೇರುತ್ತಿರುತ್ತವೆ. ತುಂಬಿದ ರಕ್ತನಾಳ ಬಿಗಿದುಕೊಂಡೇ ಇರುತ್ತದೆ, ಹಾಗೆ ಬಿಗಿದ ನಾಳ ಇನ್ನಷ್ಟು ಪೆಡಸಾಗಿ ವರ್ತಿಸುತ್ತದೆ.

ಅಳೆಯುವ ಸರಿಯಾದ ವಿಧಾನ: ನಾಡಿ ಅಲೆಯ ವೇಗ

ವಿಜ್ಞಾನದ ತರಗತಿಯಲ್ಲಿ ಮಕ್ಕಳಿಗೆ ಮಾಡಿ ತೋರಿಸುವ ಸಣ್ಣ ಪ್ರಯೋಗವೊಂದಿದೆ. ಉದ್ದನೆಯ ಬೆಂಚಿನ ಒಂದು ತುದಿಗೆ ಕಿವಿ ಇಟ್ಟು, ಇನ್ನೊಂದು ತುದಿಯನ್ನು ಮೆಲ್ಲಗೆ ಕೆರೆದರೆ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಗಟ್ಟಿ ವಸ್ತುವಿನಲ್ಲಿ ಶಬ್ದದ ಅಲೆ ಚೆನ್ನಾಗಿ ಸಾಗುತ್ತದೆ, ವೇಗವಾಗಿಯೂ ಸಾಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಹಂಪಿಯ ಬಂಡೆಯಂಥ ಗಟ್ಟಿ ಕಲ್ಲಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ.

ರಕ್ತನಾಳಕ್ಕೂ ಇದೇ ನಿಯಮ. ಹೃದಯ ಒಂದು ಸಲ ಬಡಿದಾಗ ಅಪಧಮನಿಗಳ ಗೋಡೆಯಲ್ಲಿ ಒಂದು ಅಲೆ ಏಳುತ್ತದೆ. ಮಣಿಕಟ್ಟಿನಲ್ಲಿ ನಾವು ನಾಡಿ ಎಂದು ಮುಟ್ಟಿ ನೋಡುವುದು ಆ ಅಲೆಯನ್ನೇ. ಅಲೆಯ ವೇಗ ಎಂದರೆ ರಕ್ತ ಹರಿಯುವ ವೇಗವಲ್ಲ, ಬಡಿತದ ಸುದ್ದಿ ಮುಟ್ಟುವ ವೇಗ. ಗೋಡೆ ಮೆತ್ತಗಿದ್ದರೆ ಸುದ್ದಿ ನಿಧಾನ, ಪೆಡಸಾಗಿದ್ದರೆ ಬೇಗ.

ಅಳೆಯುವ ಕ್ರಮ ಹೀಗಿದೆ. ರೋಗಿಯನ್ನು ಕೆಲವು ನಿಮಿಷ ಶಾಂತವಾಗಿ ಮಲಗಿಸುತ್ತಾರೆ. ಕತ್ತಿನ ಅಪಧಮನಿಯ ಮೇಲೆ ಒಂದು ಸೂಕ್ಷ್ಮ ಸಾಧನ, ತೊಡೆಸಂದಿನ ಅಪಧಮನಿಯ ಮೇಲೆ ಇನ್ನೊಂದು ಇಟ್ಟು, ಒಂದೇ ಬಡಿತ ಎರಡೂ ಕಡೆ ತಲುಪಲು ಹಿಡಿದ ಕಾಲದ ವ್ಯತ್ಯಾಸವನ್ನು ನೋಡುತ್ತಾರೆ. ಎರಡು ಜಾಗಗಳ ನಡುವಿನ ದೂರವನ್ನು ಟೇಪಿನಿಂದ ಅಳೆಯುತ್ತಾರೆ. ಅಲೆ ಸಾಗುವ ನಿಜವಾದ ದಾರಿ ಈ ಅಳತೆಗಿಂತ ಕಡಿಮೆ ಇರುವುದರಿಂದ ಶೇಕಡಾ 80ರಷ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ಏಳನೇ ತರಗತಿಯ ಲೆಕ್ಕವೇ ಇದು.

ಉದಾಹರಣೆಗೆ, ಟೇಪಿನ ಅಳತೆ 60 ಸೆಂಟಿಮೀಟರ್ ಇದ್ದರೆ ಶೇಕಡಾ 80 ಎಂದರೆ 48 ಸೆಂಟಿಮೀಟರ್. ಅಲೆ ಆ ದೂರ ಹೋಗಲು ಸೆಕೆಂಡಿನ ಸಾವಿರದ 60 ಭಾಗ ಹಿಡಿದರೆ ವೇಗ ಸೆಕೆಂಡಿಗೆ 8 ಮೀಟರ್. ಅದೇ ದೂರಕ್ಕೆ ಸಾವಿರದ 40 ಭಾಗ ಸಾಕಾದರೆ ವೇಗ 12 ಮೀಟರ್. ಸೆಕೆಂಡಿಗೆ 10 ಮೀಟರಿಗಿಂತ ಹೆಚ್ಚಿದ್ದರೆ ಅಪಧಮನಿ ಪೆಡಸಾಗಿದೆ ಎಂದು ಯುರೋಪಿನ ತಜ್ಞರು ಗೆರೆ ಹಾಕಿದ್ದಾರೆ. ಕೈ ಮತ್ತು ಕಾಲಿಗೆ ಬಿ.ಪಿ. ಪಟ್ಟಿ ಕಟ್ಟಿ ಅಳೆಯುವ ಯಂತ್ರಗಳೂ ಇವೆ, ಜಪಾನಿನಲ್ಲಿ ಅವು ಹೆಚ್ಚು ಬಳಕೆಯಲ್ಲಿವೆ. ಆದರೆ ಅವು ಕೊಡುವ ಅಂಕಿ ಬೇರೆ ಪ್ರಮಾಣದ್ದು, ಕತ್ತು-ತೊಡೆಸಂದಿನ ಅಂಕಿಯೊಂದಿಗೆ ನೇರವಾಗಿ ಹೋಲಿಸುವಂತಿಲ್ಲ.

ಈ ಅಂಕಿಗೆ ಏಕೆ ಇಷ್ಟು ಮಹತ್ವ? ಫ್ರಾನ್ಸಿನಲ್ಲಿ ಡಾ. ಜೆರಾರ್ ಲಂಡನ್ ಮತ್ತು ಸಂಗಡಿಗರು 241 ಮಂದಿ ಡಯಾಲಿಸಿಸ್ ರೋಗಿಗಳ ನಾಡಿ ಅಲೆಯ ವೇಗವನ್ನು ಅಳೆದು, ಸರಾಸರಿ 6 ವರ್ಷ ಅವರನ್ನು ಗಮನಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ 73 ಮಂದಿ ತೀರಿಕೊಂಡರು, ಅವರಲ್ಲಿ 48 ಮಂದಿಗೆ ಹೃದಯ ಅಥವಾ ರಕ್ತನಾಳದ ಕಾರಣ. ವೇಗ 9.4ಕ್ಕಿಂತ ಕಡಿಮೆ ಇದ್ದವರಿಗೆ ಹೋಲಿಸಿದರೆ, 12ಕ್ಕಿಂತ ಹೆಚ್ಚು ಇದ್ದವರಲ್ಲಿ ಸಾವಿನ ಸಂಭವ 5 ಪಟ್ಟಿಗೂ ಮೇಲಿತ್ತು. ಅದೇ ತಂಡ 2001ರಲ್ಲಿ 150 ರೋಗಿಗಳ ಇನ್ನೊಂದು ಅಧ್ಯಯನ ಪ್ರಕಟಿಸಿತು. ಔಷಧಿ ಮತ್ತು ಡಯಾಲಿಸಿಸ್‌ನಿಂದ ಬಿ.ಪಿ. ಇಳಿಸಿದಾಗ ಕೆಲವರಲ್ಲಿ ಅಲೆಯ ವೇಗವೂ ಇಳಿಯಿತು, ಕೆಲವರಲ್ಲಿ ಇಳಿಯಲಿಲ್ಲ. ಇಳಿದವರು ಹೆಚ್ಚು ಕಾಲ ಬದುಕಿದರು. ಅಂದರೆ ನಾಳ ಪೂರ್ತಿ ಕಲ್ಲಾಗುವ ಮೊದಲೇ ಎಚ್ಚರ ವಹಿಸಬೇಕು.

ಯಂತ್ರವಿಲ್ಲದೆ ಅಂದಾಜು ಮಾಡುವ ದಾರಿಗಳು

ಮೊದಲನೆಯದು ಎಕ್ಸ್-ರೇ. ಹೊಟ್ಟೆಯ ಭಾಗವನ್ನು ಪಕ್ಕದಿಂದ ಎಕ್ಸ್-ರೇ ತೆಗೆದರೆ ಸೊಂಟದ ಮೂಳೆಗಳ ಮುಂದೆ ಮಹಾಪಧಮನಿ ಹಾದುಹೋಗುವ ಜಾಗದಲ್ಲಿ ಸುಣ್ಣ ಬಿಳಿ ಗೆರೆಯಾಗಿ ಕಾಣುತ್ತದೆ. ಸೊಂಟದ ಮೇಲಿನ 4 ಮೂಳೆಗಳ ಎದುರಿಗೆ, ನಾಳದ ಮುಂದಿನ ಗೋಡೆಗೆ 3 ಅಂಕ, ಹಿಂದಿನ ಗೋಡೆಗೆ 3 ಅಂಕದವರೆಗೆ ಕೊಟ್ಟು, ಒಟ್ಟು 24ಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ಪದ್ಧತಿಯಿದೆ. ಇಲ್ಲಿ ಮಾತ್ರ ಹೆಚ್ಚು ಅಂಕ ಬಂದರೆ ಸಂತೋಷವಲ್ಲ. ಸುಣ್ಣ ಕೂತಿದೆಯೇ ಎಂದು ನೋಡಲು ದುಬಾರಿ ಸಿ.ಟಿ. ಸ್ಕ್ಯಾನಿಗೆ ಬದಲಾಗಿ ಈ ಎಕ್ಸ್-ರೇ ಬಳಸಬಹುದೆಂದು ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಇದು ಸುಣ್ಣವನ್ನು ತೋರಿಸುತ್ತದೆಯೇ ಹೊರತು ಪೆಡಸುತನವನ್ನು ನೇರವಾಗಿ ಅಳೆಯುವುದಿಲ್ಲ.

ಎರಡನೆಯದು ಸೂತ್ರ. ವಯಸ್ಸು ಮತ್ತು ಬಿ.ಪಿ. ಹಾಕಿದರೆ ಅಲೆಯ ವೇಗ ಇಷ್ಟಿರಬಹುದು ಎಂದು ಹೇಳುವ ಸೂತ್ರವನ್ನು ಯುರೋಪಿನ ಸಾವಿರಾರು ಜನರ ಅಳತೆಗಳಿಂದ ಮಾಡಿದ್ದಾರೆ. ಇದರ ಮಿತಿ ಸ್ಪಷ್ಟ. ಒಂದೇ ವಯಸ್ಸು, ಒಂದೇ ಬಿ.ಪಿ. ಇರುವ ಇಬ್ಬರಿಗೆ ಸೂತ್ರ ಒಂದೇ ಉತ್ತರ ಕೊಡುತ್ತದೆ. ಅವರಲ್ಲಿ ಒಬ್ಬರು ಎಂಟು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದು ನಾಳದಲ್ಲಿ ಸುಣ್ಣ ತುಂಬಿದ್ದರೂ ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ.

ಮೂರನೆಯದು ಎಲ್ಲರ ಕೈಗೂ ಎಟಕುವಂಥದ್ದು: ಬಿ.ಪಿ.ಯ ಮೇಲಿನ ಅಂಕಿಯಿಂದ ಕೆಳಗಿನ ಅಂಕಿಯನ್ನು ಕಳೆಯುವುದು. ಈ ಅಂತರಕ್ಕೆ ನಾಡಿ ಒತ್ತಡ ಎಂದು ಹೆಸರು. ಇಬ್ಬರನ್ನು ಹೋಲಿಸಿ ನೋಡೋಣ. ಒಬ್ಬರ ಬಿ.ಪಿ. 120/90, ಇನ್ನೊಬ್ಬರದು 160/70. ಸರಾಸರಿ ಒತ್ತಡ ತಿಳಿಯಲು ಕೆಳಗಿನ ಅಂಕಿಗೆ ಅಂತರದ ಮೂರನೇ ಒಂದು ಭಾಗ ಕೂಡಿಸುವುದು ರೂಢಿ. ಮೊದಲನೆಯವರಿಗೆ 90ಕ್ಕೆ 10 ಕೂಡಿಸಿ 100. ಎರಡನೆಯವರಿಗೆ 70ಕ್ಕೆ 30 ಕೂಡಿಸಿ 100. ಸರಾಸರಿ ಒಂದೇ. ಆದರೆ ಅಂತರ ಮೊದಲನೆಯವರಲ್ಲಿ 30, ಎರಡನೆಯವರಲ್ಲಿ 90. ಎರಡನೆಯವರ ಅಣೆಕಟ್ಟು ನೀರು ಹಿಡಿದಿಡುತ್ತಿಲ್ಲ ಎಂಬ ಅನುಮಾನ ಬರುವುದು ಈ ಅಂತರದಿಂದ. ವಯಸ್ಸಾದವರಲ್ಲಿ ಅಂತರ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಧಮನಿ ಪೆಡಸಾಗಿರುವ ಸೂಚನೆ ಎಂದು ವೈದ್ಯರು ಪರಿಗಣಿಸುತ್ತಾರೆ. "ಕೆಳಗಿನ ಬಿ.ಪಿ. 70 ಇದೆ, ಚೆನ್ನಾಗಿದೆ" ಎಂದು ಸಮಾಧಾನಪಟ್ಟುಕೊಂಡು ಸುಮ್ಮನಾಗುವುದು ಸರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇದು ಅಂದಾಜು ಮಾತ್ರ ಎಂಬುದನ್ನು ಮರೆಯಬಾರದು. ದೇಹದಲ್ಲಿ ನೀರು ಹೆಚ್ಚಾದಾಗ, ರಕ್ತಹೀನತೆ ಇದ್ದಾಗ, ಹೃದಯದ ಕವಾಟ ಸೋರುತ್ತಿದ್ದಾಗ ಸಹ ಅಂತರ ಹೆಚ್ಚುತ್ತದೆ. ಹೃದಯವೇ ದುರ್ಬಲವಾಗಿದ್ದರೆ ಅಂತರ ಕಡಿಮೆಯಾಗುತ್ತದೆ. ಆದ್ದರಿಂದ ಅಂತರ ಕಡಿಮೆ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಒಂದು ದಿನದ ಒಂದು ಅಂಕಿಗೆ ಬೆಲೆ ಕಡಿಮೆ, ತಿಂಗಳುಗಟ್ಟಲೆ ಬರೆದಿಟ್ಟ ಅಂಕಿಗಳಿಗೆ ಬೆಲೆ ಹೆಚ್ಚು.

ಒಂದು ನೋಟ್‌ಬುಕ್, ಏಳು ಕಾಲಂ

ಡಯಾಲಿಸಿಸ್ ಇರುವ ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ಇರಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅದರಲ್ಲಿ ಏಳು ಕಾಲಂ: ದಿನಾಂಕ, ಡಯಾಲಿಸಿಸ್‌ಗೆ ಮೊದಲಿನ ತೂಕ, ನಂತರದ ತೂಕ, ಮೇಲಿನ ಬಿ.ಪಿ., ಕೆಳಗಿನ ಬಿ.ಪಿ., ಎರಡರ ಅಂತರ, ಆ ದಿನದ ತೊಂದರೆ. ಡಯಾಲಿಸಿಸ್ ಇಲ್ಲದ ದಿನ ಮನೆಯ ತೂಕವೊಂದನ್ನೇ ಬರೆದರೆ ಸಾಕು. ಬರೆಯುವ ಕೆಲಸವನ್ನು ಮನೆಯಲ್ಲಿ ಓದುತ್ತಿರುವ ಮಗುವಿಗೆ ವಹಿಸಿರಿ. ಕಳೆಯುವ ಲೆಕ್ಕ ಬಂದರೆ ಸಾಕು.

ಅಳೆಯುವಾಗ ಕೆಲವು ನಿಯಮಗಳನ್ನು ಪಾಲಿಸಬೇಕು. ಬೆಳಿಗ್ಗೆ, ಚಹಾ ಕುಡಿಯುವ ಮೊದಲು, 5 ನಿಮಿಷ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕುಳಿತ ಮೇಲೆ ಅಳೆಯಬೇಕು. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಮಾತನಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿರುವ ಕೈಗೆ ಬಿ.ಪಿ. ಪಟ್ಟಿ ಕಟ್ಟಲೇಬಾರದು. ಆ ಕೈ ರೋಗಿಯ ಜೀವನಾಡಿ.

ಈ ಪುಸ್ತಕ ಎರಡು ಸಂಗತಿಗಳನ್ನು ಬೇರ್ಪಡಿಸಲು ವೈದ್ಯರಿಗೆ ನೆರವಾಗುತ್ತದೆ. ತೂಕ ಏರಿದ ದಿನ ಅಂತರವೂ ಏರಿ, ಡಯಾಲಿಸಿಸ್ ಆದ ಮೇಲೆ ಇಳಿದರೆ ತೊಂದರೆಯ ಹೆಚ್ಚಿನ ಪಾಲು ನೀರಿನದು. ನೀರು ತೆಗೆದು ಸರಿಯಾದ ತೂಕಕ್ಕೆ ಬಂದ ಮೇಲೂ, ವಾರದ ಮೇಲೆ ವಾರ ಅಂತರ 80-90ರಲ್ಲೇ ನಿಂತಿದ್ದರೆ ನಾಳದ ಗೋಡೆಯನ್ನು ಅನುಮಾನಿಸಬೇಕು. ಆಗ ಎಕ್ಸ್-ರೇ, ಹೃದಯದ ಎಕೋ, ರಂಜಕ-ಕ್ಯಾಲ್ಸಿಯಂ ಪರೀಕ್ಷೆ ಬೇಕೇ ಎಂದು ಕೇಳಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ. "ಡಾಕ್ಟರೇ, ಅಬ್ಬಾಜಾನ್‌ಗೆ ಯಾಕೋ ಸುಸ್ತು" ಎನ್ನುವುದಕ್ಕೂ, "ಎರಡು ತಿಂಗಳಿಂದ ಅಂತರ 90ರಿಂದ ಇಳಿದಿಲ್ಲ" ಎನ್ನುವುದಕ್ಕೂ ವ್ಯತ್ಯಾಸವಿದೆ.

ಮನೆಯಲ್ಲಿ ಮಾಡಬಹುದಾದದ್ದು

ಒಮ್ಮೆ ಕೂತ ಸುಣ್ಣವನ್ನು ಕರಗಿಸುವ ಮಾತ್ರೆ ಇಲ್ಲ. ಆದರೆ ಪೆಡಸಾಗುವುದನ್ನು ನಿಧಾನ ಮಾಡುವ, ಹೃದಯದ ಹೊರೆ ಇಳಿಸುವ ದಾರಿಗಳಿವೆ.

ಡಯಾಲಿಸಿಸ್ ತಪ್ಪಿಸಬಾರದು, ಮಧ್ಯದಲ್ಲಿ ಅವಸರಪಟ್ಟು ನಿಲ್ಲಿಸಬಾರದು. ಉಪ್ಪು ಕಡಿಮೆ ಮಾಡಬೇಕು. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ, ನಮ್ಮ ರಕ್ತದ ಉಪ್ಪಿನಂಶವೂ ಅದಕ್ಕೆ ಸಮೀಪ. ಹೆಚ್ಚುವರಿ 9 ಗ್ರಾಂ ಉಪ್ಪು ಒಳಗೆ ಹೋದರೆ ದೇಹ ಸುಮಾರು ಒಂದು ಲೀಟರ್ ನೀರನ್ನು ಬೇಡುತ್ತದೆ. ಒಂದು ಲೀಟರ್ ಎಂದರೆ ತೂಕದಲ್ಲಿ ಒಂದು ಕಿಲೋ. ನಮ್ಮ ಕಡೆಯ ಬೇಸಿಗೆಯಲ್ಲಿ ರೋಗಿಗೆ "ನೀರು ಕುಡಿಯಬೇಡ" ಎಂದು ಗದರಿಸುವುದಕ್ಕಿಂತ, ಮಿರ್ಚಿ-ಮಂಡಕ್ಕಿ, ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿಯ ಖಾರ ಇವನ್ನು ಬಿಡಿಸಿದರೆ ಬಾಯಾರಿಕೆ ತಾನೇ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಡಯಾಲಿಸಿಸ್ ರೋಗಿಗೆ ಅದು ಅಪಾಯ.

ರಂಜಕ ಕಡಿಮೆ ಮಾಡಲು ಕೊಟ್ಟ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಅದು ಊಟದಲ್ಲಿರುವ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುವ ಮಾತ್ರೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಕಪ್ಪು ಬಣ್ಣದ ತಂಪು ಪಾನೀಯ, ಡಬ್ಬಿ-ಪೊಟ್ಟಣದ ಮಾಂಸಾಹಾರ, ಕಲೇಜಿ ಇವುಗಳಲ್ಲಿ ರಂಜಕ ಹೆಚ್ಚು. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡಬೇಕು.

ರಂಜಾನ್ ತಿಂಗಳ ಬಗ್ಗೆ ಒಂದು ಮಾತು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೂ ಹಿರಿಯರು ಮನಸ್ಸು ತಡೆಯದೆ ರೋಜಾ ಹಿಡಿದು, ಇಫ್ತಾರಿನಲ್ಲಿ ಶರಬತ್ತು, ಸಮೋಸಾ, ಖರ್ಜೂರ ಒಟ್ಟಿಗೆ ತೆಗೆದುಕೊಂಡರೆ ನೀರು, ಉಪ್ಪು, ಪೊಟ್ಯಾಸಿಯಂ ಮೂರೂ ಒಮ್ಮೆಲೇ ಏರುತ್ತವೆ. ವೈದ್ಯರನ್ನೂ ನಿಮ್ಮ ಮಸೀದಿಯ ಮೌಲಾನಾ ಸಾಹೇಬರನ್ನೂ ಮೊದಲೇ ಕೇಳಿ ನಿರ್ಧರಿಸಿರಿ.

ಕಿಡ್ನಿ ಕಸಿ ಆದ ಹಲವರಲ್ಲಿ ನಾಡಿ ಅಲೆಯ ವೇಗ ಇಳಿದಿರುವುದನ್ನು ಅಧ್ಯಯನಗಳು ತೋರಿಸಿವೆ. ಕಸಿಗೆ ಯೋಗ್ಯರು ಎಂದು ವೈದ್ಯರು ಹೇಳಿದವರು ತಡಮಾಡಬಾರದು. ಮೃತ ದಾನಿಯ ಕಿಡ್ನಿಗಾಗಿ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಮೂಲಕ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಬೇಕು.

ದಾನಿಗಳ ಪ್ರಶ್ನೆಗೆ ನಮ್ಮ ಉತ್ತರ

ಈಗ ಯಂತ್ರದ ಮಾತಿಗೆ ಬರೋಣ. ಸದ್ಯಕ್ಕೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಕಾರಣ ಮೂರು. ಒಂದು, ಅಲೆಯ ವೇಗ 12 ಎಂದು ಗೊತ್ತಾದ ಮೇಲೂ ರೋಗಿ ಮಾಡಬೇಕಾದದ್ದು ಮೇಲೆ ಹೇಳಿದ್ದನ್ನೇ. ಎರಡು, ಅದನ್ನು ಅಳೆಯಲು ತರಬೇತಿಯಾದ ಕೈ ಬೇಕು, ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಅಳೆಯಬೇಕು. ಯಂತ್ರ ಕೊಟ್ಟು ಸುಮ್ಮನಾದರೆ ಅದು ಬೀರುವಿನಲ್ಲಿ ಉಳಿಯುತ್ತದೆ. ಮೂರು, ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವಾಗಿದ್ದರೂ, ಸಂಡೂರಿನಿಂದ ಅಥವಾ ಕಂಪ್ಲಿಯಿಂದ ಹೊಸಪೇಟೆಗೆ ಸುಮಾರು 30 ಕಿಲೋಮೀಟರ್, ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್ ಓಡಾಡುವ ಖರ್ಚು ಮನೆಯವರ ಮೇಲೇ ಬೀಳುತ್ತದೆ. ರೋಗಿಯ ಜೊತೆಗೆ ಹೋಗುವವರ ಆ ದಿನದ ಕೂಲಿಯೂ ಹೋಗುತ್ತದೆ. ಬಸ್ಸಿನ ಹಣವಿಲ್ಲದೆ ತಪ್ಪಿದ ಒಂದು ಡಯಾಲಿಸಿಸ್ ಮಾಡುವ ಹಾನಿಯನ್ನು ಯಾವ ಯಂತ್ರವೂ ತುಂಬಿಕೊಡದು.

ಆದ್ದರಿಂದ ತಾವು ಕೊಡುವ ಹಣ ಮೊದಲು ಓಡಾಟದ ಖರ್ಚಿಗೆ, ರಂಜಕದ ಮಾತ್ರೆಗೆ, ಮನೆಯಲ್ಲಿ ಬಳಸುವ ಬಿ.ಪಿ. ಸಾಧನ ಮತ್ತು ತೂಕದ ಯಂತ್ರಕ್ಕೆ, ನೋಟ್‌ಬುಕ್ಕಿಗೆ ಹೋಗಲಿ ಎಂದು ಕೋರುತ್ತೇವೆ. ಝಕಾತ್ ಹಣ ಅರ್ಹ ವ್ಯಕ್ತಿಯ ಕೈಗೇ ಸೇರಬೇಕಾದ್ದರಿಂದ ಅದನ್ನು ಓಡಾಟ ಮತ್ತು ಔಷಧಿಗೆ ಮಾತ್ರ ಕೊಡುತ್ತೇವೆ, ಉಳಿದದ್ದು ಸದಕಾ ಲೆಕ್ಕದಿಂದ. ಮುಂದೆ ಸರ್ಕಾರಿ ಆಸ್ಪತ್ರೆಯ ಕಿಡ್ನಿ ತಜ್ಞರೇ ಬಳಸುವವರನ್ನೂ ಗೊತ್ತು ಮಾಡಿ, ಇಂಥ ಯಂತ್ರ ಬೇಕೆಂದು ಬರೆದು ಕೇಳಿದರೆ ಆಗ ಮತ್ತೆ ಯೋಚಿಸೋಣ.

ವಿದ್ಯಾರ್ಥಿವೇತನ ಕುರಿತು

ಯಂತ್ರಕ್ಕಿಂತ ಮೊದಲು ಬೇಕಾದದ್ದು ತರಬೇತಿಯಾದ ಕೈ ಎಂದೆವು. ಆ ಕೈ ನಮ್ಮ ಮಕ್ಕಳದ್ದೇ ಏಕಾಗಬಾರದು? ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಡಯಾಲಿಸಿಸ್ ತಂತ್ರಜ್ಞಾನ ಪದವಿ ಇದೆ. ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಕೂಡ ಇದೆ. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲ ಎಂದು ವಿಜ್ಞಾನವನ್ನೇ ಬಿಟ್ಟು ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳನ್ನು ನಾವು ನೋಡುತ್ತಿದ್ದೇವೆ. ಅವರಿಗೆ ಇದು ಗೌರವದ ಉದ್ಯೋಗ, ಊರಿನ ಸಮೀಪದಲ್ಲೇ ಕೆಲಸ ಸಿಗುವ ಸಾಧ್ಯತೆಯೂ ಉಂಟು. ಈ ಕೋರ್ಸುಗಳಿಗೆ ಸೇರುವವರ ಅರ್ಜಿಗಳನ್ನು ನಾವು ವಿಶೇಷವಾಗಿ ಪರಿಗಣಿಸುತ್ತೇವೆ. ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ಅರ್ಜಿಯಲ್ಲಿ ತಪ್ಪದೆ ಬರೆಯಿರಿ.

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಕಡೆಯವರು ಒಂದು ಜಿಲ್ಲೆ, ಸಂಡೂರು, ಕಂಪ್ಲಿ ಕಡೆಯವರು ಬಳ್ಳಾರಿ ಜಿಲ್ಲೆ. ಟ್ರಸ್ಟಿಗೆ ಆ ಭೇದವಿಲ್ಲ. ಆದರೆ ಆದಾಯ ಪ್ರಮಾಣಪತ್ರವನ್ನು ನಿಮ್ಮ ನಿಮ್ಮ ತಾಲ್ಲೂಕಿನಿಂದಲೇ ತರಬೇಕು. ಅಂಕಪಟ್ಟಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಸೇರಿಸಿ, ಈ ವರದಿಯ ಕೊನೆಯ ಪುಟದಲ್ಲಿರುವ ಅರ್ಜಿಯನ್ನು ತುಂಬಿ ಕೊಡಿ. ಬಿ.ಪಿ. ನೋಟ್‌ಬುಕ್ ಬೇಕಾದ ಮನೆಯವರು ಅರ್ಜಿಯ ಜೊತೆಗೆ ಒಂದು ಸಾಲು ಬರೆದರೆ ಸಾಕು, ಕೊಡುತ್ತೇವೆ. ಅರ್ಜಿ ಕೊಡಲು ಬರುವಾಗ ರೋಗಿಯ ಇತ್ತೀಚಿನ ತೂಕ ಮತ್ತು ಬಿ.ಪಿ.ಯ ಚೀಟಿ ತನ್ನಿರಿ. ಮೊದಲ ಸಾಲನ್ನು ಹೇಗೆ ಬರೆಯಬೇಕೆಂದು ಮಗುವಿಗೆ ಅಲ್ಲೇ ತೋರಿಸಿಕೊಡುತ್ತೇವೆ.